ಸೀಸೆಯ ಮೇಲಿನ ಹೆಸರು

ಜನವರಿ 11

ಪುಟ್ಟಿಗೆ,

ನಾನು ಚೆನ್ನಾಗಿದ್ದೇನೆ. ಯಾರೂ ಕೇಳಲಿಲ್ಲವಾದ್ದರಿಂದ ನಾನೇ ಹೇಳಿಬಿಟ್ಟೆ.

ನೀನು ನಿನ್ನ ಅತ್ತಿಗೆಗೆ ಫೋನ್ ಮಾಡಿ, ಅಣ್ಣನ ರಕ್ತ ಕಳಿಸಿ, ಅಮ್ಮನದೂ ಸಿಕ್ಕರೆ ಕಳಿಸಿ ಅಂದೆಯಂತೆ. ಸಿಕ್ಕರೆ! ನಾನೇನು ಸಂತೆಯಲ್ಲಿ ಸಿಗುವ ಸೊಪ್ಪೇ? ನನ್ನಿಂದ ಏನಾದರೂ ಬೇಕಿದ್ದರೆ ನನ್ನನ್ನೇ ಕೇಳಬೇಕು, ಅದೂ ಬರೆದು ಕೇಳಬೇಕು. ಫೋನಿನ ಮಾತಿಗೆ ತಲೆಯೂ ಇಲ್ಲ, ಬಾಲವೂ ಇಲ್ಲ. ಎರಡು ವರ್ಷದ ಹಿಂದೆ ಫೋನಿನಲ್ಲಿ ನನಗೆ ಅಂದ ಮಾತನ್ನು ಮಾರನೇ ದಿನ ಅಂದೇ ಇಲ್ಲ ಎಂದವಳು ನೀನು. ಬರೆದದ್ದಾದರೆ ಎದುರಿಗಿಟ್ಟು ಕೇಳಬಹುದು.

ನಿನ್ನ ಅಣ್ಣನಿಗೆ ಸಕ್ಕರೆ ಕಾಯಿಲೆಯಂತೆ. ಮೂವತ್ತಾರು ವರ್ಷದ ಗಂಡಸು. ನಮ್ಮ ಹೊಲಿಗೆ ಶೆಡ್ಡಿನಲ್ಲಿ ಹದಿನಾಲ್ಕು ಮಿಷನ್ ಇದ್ದರೂ ಕತ್ತರಿಸುವ ಮೇಜು ಒಂದೇ, ಅಲ್ಲಿ ನಿಲ್ಲುವವನು ಅವನೊಬ್ಬನೇ. ಹೋದ ವಾರ ಶಾಲೆಯ ಅಂಗಿಗಳಿಗೆ ಬಟ್ಟೆ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ತೋಳುಗಳನ್ನು ಎರಡು ಬೆರಳು ಗಿಡ್ಡ ಕತ್ತರಿಸಿಟ್ಟ. ಒಂದಲ್ಲ, ಅರವತ್ತು ತೋಳು. ಕೇಳಿದರೆ “ಗೆರೆ ಮಂಜುಮಂಜಾಗಿತ್ತಮ್ಮ” ಅಂದ. ಆಮೇಲೆ ಆಸ್ಪತ್ರೆ, ಪರೀಕ್ಷೆ, ಎಲ್ಲ.

ಡಾಕ್ಟರು ನನ್ನನ್ನು ನೋಡಿ “ನಿಮ್ಮ ಕಡೆ ಚಿಕ್ಕ ವಯಸ್ಸಿನಲ್ಲೇ ಯಾರಿಗಾದರೂ ಇತ್ತಾ?” ಅಂತ ಕೇಳಿದರು. ಯಾರಿಗೂ ಇಲ್ಲ ಅಂದೆ. ಯಾರಿಗೂ ಇರಲಿಲ್ಲ, ಒಂಬತ್ತು ವರ್ಷದ ಹಿಂದೆ ನಿನ್ನ ಅತ್ತಿಗೆ ಅನ್ನುವ ಆ ಮಹಾತಾಯಿ ಸೌಟು ಹಿಡಿದುಕೊಂಡು ಈ ಮನೆಗೆ ಬರುವ ತನಕ. ಅವಳ ಕೈಗೆ ಎಣ್ಣೆಯ ಅಳತೆ ಗೊತ್ತಿಲ್ಲ, ಸಕ್ಕರೆಯ ಅಳತೆಯೂ ಗೊತ್ತಿಲ್ಲ.

ರಕ್ತ ಯಾತಕ್ಕೆ ಬೇಕು, ಬರೆ. ನೀನು ಅಲ್ಲಿ ಇಲಿ ಕುಯ್ಯುವುದನ್ನು ಬಿಟ್ಟು ಇನ್ನೇನು ಮಾಡುತ್ತೀಯ ಅನ್ನುವುದನ್ನೂ ಬರೆ.

ಅಮ್ಮ

ಜನವರಿ 24

ಅಮ್ಮ,

ಬರೆದು ಕೇಳು ಅಂದೆ. ಬರೆದೇ ಕೇಳುತ್ತಿದ್ದೇನೆ.

ನನ್ನ ಕೆಲಸವನ್ನು ನಿನ್ನ ಶೆಡ್ಡಿನ ಭಾಷೆಯಲ್ಲೇ ಹೇಳುತ್ತೇನೆ. ಹೊಲಿದು ಮುಗಿದ ಅಂಗಿಗಳನ್ನು ನೀನು ಒಂದೊಂದಾಗಿ ನೋಡುತ್ತೀಯ. ಕೆಟ್ಟಿದ್ದಕ್ಕೆ ಕೆಂಪು ದಾರ ಕಟ್ಟುತ್ತೀಯ. ದಾರ ಬಿದ್ದದ್ದು ಚಿಂದಿ ಮೂಟೆಗೆ ಹೋಗುತ್ತೆ. ಒಮ್ಮೊಮ್ಮೆ ಇಸ್ತ್ರಿಯವಳು “ಅಮ್ಮಾವ್ರೇ, ಇದು ಚೆನ್ನಾಗೇ ಇದೆ, ಬರೀ ಸುಕ್ಕು” ಅಂತ ದಾರ ಬಿಚ್ಚುತ್ತಾಳೆ. ನಮ್ಮ ಮೈಯ ಒಂದೊಂದು ಜೀವಕೋಶದಲ್ಲೂ ಇದೇ ನಡೆಯುತ್ತಿರುತ್ತೆ. ಅಲ್ಲಿ ತಯಾರಾಗುವ ಸರಕು ಪ್ರೋಟೀನು. ಬೇಡದ ಪ್ರೋಟೀನಿಗೆ ಗುರುತು ಕಟ್ಟುವ ಕಿಣ್ವಗಳಿವೆ, ಕಟ್ಟಿದ್ದನ್ನು ಬಿಚ್ಚಿ ಉಳಿಸುವ ಕಿಣ್ವಗಳೂ ಇವೆ. ನಾನು ನೋಡುತ್ತಿರುವುದು ಬಿಚ್ಚುವ ಒಂದು ಕಿಣ್ವವನ್ನು.

ಅದು ಹುಟ್ಟಿನಿಂದಲೇ ಕೈಲಾಗದ್ದಾಗಿದ್ದರೆ ಒಳ್ಳೆಯ ಸರಕೂ ಚಿಂದಿಗೆ ಬೀಳುತ್ತೆ. ವರ್ಷಗಟ್ಟಲೆ ಹಾಗೇ ಆದರೆ ಕೊನೆಗೆ ಆ ಕೋಶ ತನ್ನ ಬಾಗಿಲನ್ನು ತಾನೇ ಮುಚ್ಚಿಕೊಂಡು ಸಾಯುತ್ತೆ. ಹೊರಗಿನಿಂದ ಯಾರೂ ಹೊಡೆಯುವುದಿಲ್ಲ, ಸಾಯುವ ಅಪ್ಪಣೆ ಒಳಗಿನಿಂದಲೇ ಬರುತ್ತೆ. ಇನ್ಸುಲಿನ್ ಮಾಡುವ ಕೋಶಗಳು ಹೀಗೆ ಒಂದೊಂದಾಗಿ ಸತ್ತರೆ, ತಿಂದದ್ದು ರಕ್ತದಲ್ಲಿ ಸಕ್ಕರೆಯಾಗಿ ನಿಲ್ಲುತ್ತೆ, ಮೈಗೆ ದಕ್ಕುವುದಿಲ್ಲ. ಇಂಥ ದೋಷ ತಾಯಿಯಿಂದಲೋ ತಂದೆಯಿಂದಲೋ ಬರುತ್ತೆ. ಸೌಟಿನಿಂದ ಬರುವುದಿಲ್ಲ.

ಅಪ್ಪ ಇಲ್ಲ. ಹಾಗಾಗಿ ಅಣ್ಣನ ರಕ್ತದ ಜೊತೆ ನಿನ್ನದು ಬೇಕು. ನನ್ನದನ್ನು ಇಲ್ಲೇ ಕೊಡುತ್ತೇನೆ. ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ನಿನ್ನ ತವರಿನಲ್ಲಿ ಎಳೆಯ ವಯಸ್ಸಿಗೇ ಸೊರಗಿದವರು, ಎಷ್ಟು ನೀರು ಕುಡಿದರೂ ಸಾಲದು ಅಂದವರು ಯಾರಾದರೂ ಇದ್ದರಾ? ನೆನಪು ಮಾಡಿಕೋ. ಹಾಗೆ ಯಾರಾದರೂ ಇದ್ದಿದ್ದರೆ ಅಣ್ಣನಿಗೆ ಪಥ್ಯ, ಮಾತ್ರೆ ಸಾಲುವುದಿಲ್ಲ. ಈಗಿಂದಲೇ ಇನ್ಸುಲಿನ್ ಚುಚ್ಚಬೇಕು. ಡಾಕ್ಟರು ನಿನ್ನನ್ನು ಕೇಳಿದ್ದು ಅದಕ್ಕೇ.

ಪುಟ್ಟಿ

ಫೆಬ್ರವರಿ 6

ಪುಟ್ಟಿಗೆ,

ನಿನ್ನ ಕೆಂಪು ದಾರ ಅರ್ಥವಾಯಿತು. ಹೈಸ್ಕೂಲು ಮುಗಿಸಿದವಳು ನಾನು, ಅಷ್ಟೂ ತಿಳಿಯದೇ? ಆದರೆ ಒಂದು ತಪ್ಪು ಬರೆದಿದ್ದೀಯ. ನಾನು ಕಟ್ಟಿದ ದಾರವನ್ನು ಬಿಚ್ಚುವ ಎದೆ ಇಸ್ತ್ರಿಯವಳಿಗೆ ಇಲ್ಲ.

ನನ್ನ ತವರಿನ ವಿಷಯ ಕೇಳಿದ್ದೀಯ. ನಮ್ಮವರು ಕಲ್ಲು ತಿಂದು ಅರಗಿಸಿಕೊಂಡವರು. ಯಾರಿಗೂ ಯಾವ ಕಾಯಿಲೆಯೂ ಇರಲಿಲ್ಲ. ಇದನ್ನು ಇನ್ನೊಮ್ಮೆ ಕೇಳಬೇಡ.

ರಕ್ತ ಕಳಿಸಿದ್ದೇನೆ. ಅವನದನ್ನು ಬೆಳಿಗ್ಗೆ ಆಸ್ಪತ್ರೆಯಲ್ಲಿ ತೆಗೆದರು. ಮಧ್ಯಾಹ್ನ ರಕ್ತ ತೆಗೆಯುವವನು ಶೆಡ್ಡಿಗೇ ಬಂದಿದ್ದ. ನಿನ್ನ ಅತ್ತಿಗೆ ಆಗ ಇರಲಿಲ್ಲ, ಗುಂಡಿ ತರಲು ಕಳಿಸಿದ್ದೆ. ಸೀಸೆಯ ಮೇಲಿನ ಹೆಸರನ್ನು ನಾನೇ ಬರೆದು ಅಂಟಿಸಿದ್ದೇನೆ. ನನ್ನ ಅಕ್ಷರ ನಿನಗೆ ಗೊತ್ತಲ್ಲ.

ಅಡುಗೆಮನೆಯನ್ನು ಈಗ ನಾನು ಹಿಡಿದಿದ್ದೇನೆ. ಅವಳು ಒಲೆ ಮುಟ್ಟುವ ಹಾಗಿಲ್ಲ. ನಿನ್ನ ಅಣ್ಣನಿಗೆ ಬೇಯಿಸಿದ ಸೊಪ್ಪು, ಒಂದು ಹಿಡಿ ಅನ್ನ, ಎರಡು ಹೊತ್ತು ಕಹಿ ಕಷಾಯ. ಒಂದು ತಿಂಗಳಿಗೆ ಆರು ಕಿಲೋ ಇಳಿದಿದ್ದಾನೆ! ಪ್ಯಾಂಟು ಸೊಂಟದಲ್ಲಿ ನಿಲ್ಲುವುದಿಲ್ಲ, ನಾನೇ ಎರಡು ಸಲ ಹಿಡಿದು ಹೊಲಿದೆ. ನೀನು ಹತ್ತು ವರ್ಷ ಓದಿ ಮಾಡಲಾಗದ್ದನ್ನು ನಾನು ಒಂದು ಪಾತ್ರೆಯಲ್ಲಿ ಮಾಡಿದ್ದೇನೆ.

ಅಮ್ಮ

ಫೆಬ್ರವರಿ 15

ಅಮ್ಮ,

ಸೀಸೆಗಳು ತಲುಪಿದವು. ಫಲಿತಾಂಶಕ್ಕೆ ಒಂದು ತಿಂಗಳು ಬೇಕು.

ಅಣ್ಣ ಇಳಿದದ್ದು ಒಳ್ಳೆಯ ಸುದ್ದಿ ಅಲ್ಲ. ಮೈ ತನ್ನನ್ನು ತಾನೇ ತಿನ್ನುತ್ತಿದೆ, ಅದಕ್ಕೇ ಇಳಿದಿದ್ದಾನೆ. ಪ್ಯಾಂಟು ಹಿಡಿದು ಹೊಲಿಯುವುದನ್ನು ನಿಲ್ಲಿಸಿ ಅವನನ್ನು ಆಸ್ಪತ್ರೆಗೆ ಕಳಿಸು. ಅತ್ತಿಗೆ ಜೊತೆಗೆ ಹೋಗಲಿ. ಕೈಮುಗಿದು ಕೇಳುತ್ತೇನೆ.

ಪುಟ್ಟಿ

ಫೆಬ್ರವರಿ 27

ಪುಟ್ಟಿಗೆ,

ಹೋಗಿ ಬಂದೆವು. ನಾನೇ ಹೋದೆ. ಡಾಕ್ಟರು ಇನ್ಸುಲಿನ್ ಶುರು ಮಾಡೋಣವೇ ಅಂದರು. “ಮನೆಯಲ್ಲಿ ಯಾರಿಗೂ ಇಲ್ಲ ಅಂತೀರಿ, ಹಾಗಿದ್ದರೆ ಇನ್ನೂ ಮೂರು ತಿಂಗಳು ಮಾತ್ರೆಯಲ್ಲಿ ನೋಡಬಹುದು” ಅಂತಲೂ ಅಂದರು. ನೋಡೋಣ ಅಂದೆ. ಬಾಯಿ ಕಟ್ಟಲಾರದವರಿಗೆ ಸೂಜಿ. ನನ್ನ ಮಗ ಬಾಯಿ ಕಟ್ಟಬಲ್ಲ.

ಮನೆಗೆ ಬಂದರೆ ನಿನ್ನ ಅತ್ತಿಗೆ ಬಾಗಿಲಲ್ಲೇ ನಿಂತಿದ್ದಾಳೆ.

“ಏನಂದರು ಅತ್ತೆ?”

“ಮಾತ್ರೆ ಸಾಕಂತೆ.”

“ರಾತ್ರಿಯೆಲ್ಲ ಎದ್ದೆದ್ದು ನೀರು ಕುಡೀತಾರೆ. ನೀವು ಅದನ್ನ ಹೇಳಿದ್ರಾ?”

“ಬಾಯಾರಿಕೆ ಆದವರು ನೀರು ಕುಡೀತಾರೆ. ನಿಮ್ಮ ಮನೇಲಿ ಏನು ಕುಡೀತಿದ್ರು?”

ಅಷ್ಟಕ್ಕೇ ಅಳು. ಪಕ್ಕದ ಶೆಡ್ಡಿನಿಂದ ಇಸ್ತ್ರಿಯವಳು ಮಧ್ಯೆ ಬಾಯಿ ಹಾಕಿದಳು. “ಅಮ್ಮಾವ್ರೇ, ಆಯಪ್ಪ ಕತ್ತರಿಸೋವಾಗ ಮೇಜನ್ನ ಹಿಡ್ಕೊಂಡು ನಿಂತಿರ್ತಾರೆ. ಮೇಜು ಕತ್ತರಿಸ್ತಿದೆಯೋ ಇವರೋ ಗೊತ್ತಾಗಲ್ಲ.” ಎಲ್ಲರೂ ನಕ್ಕರು. ನಿನ್ನ ಅಣ್ಣನೂ ನಕ್ಕ. ನನಗೆ ನಗು ಬರಲಿಲ್ಲ.

ಅಮ್ಮ

ಮಾರ್ಚ್ 19

ಅಮ್ಮ,

ಇದನ್ನು ಬರೆಯಲು ನಾಲ್ಕು ದಿನ ತೆಗೆದುಕೊಂಡೆ.

ಆ ಕಿಣ್ವದ ದೋಷ ಅಣ್ಣನಲ್ಲಿ ಇದೆ. ನನ್ನಲ್ಲೂ ಇದೆ. ನನಗೆ ಕಾಯಿಲೆ ಇನ್ನೂ ಬಂದಿಲ್ಲ. ಬರಬಹುದು, ಬಾರದೆಯೂ ಇರಬಹುದು. ಕೆಲವರಿಗೆ ಕೊನೆತನಕ ಬರುವುದಿಲ್ಲ.

ನಿನ್ನ ಹೆಸರಿನ ಸೀಸೆಯಲ್ಲಿ ದೋಷ ಇಲ್ಲ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮೂರೂ ರಕ್ತವನ್ನು ಪಕ್ಕಪಕ್ಕ ಇಟ್ಟು ನೋಡುವುದು ನಮ್ಮಲ್ಲಿ ಪದ್ಧತಿ. ಅಣ್ಣನೂ ನಾನೂ ಒಡಹುಟ್ಟಿದವರೇ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಸೀಸೆಯ ರಕ್ತದವರು ನಮ್ಮಿಬ್ಬರ ತಾಯಿಯಲ್ಲ. ನಮ್ಮಲ್ಲೇ ಅದಲುಬದಲಾಗಿರಬೇಕು ಅಂದುಕೊಂಡೆ. ಮೂರು ಸಲ ಮಾಡಿದೆ. ಮೂರನೆಯದನ್ನು ಬೇರೆಯವರ ಕೈಯಲ್ಲಿ ಮಾಡಿಸಿದೆ. ಉತ್ತರ ಬದಲಾಗಲಿಲ್ಲ.

ಅಮ್ಮ, ಸೀಸೆ ತಪ್ಪಾಗಿದ್ದರೆ ಒಂದು ಸಾಲು ಬರೆ. ಹೇಗೆ, ಯಾಕೆ ಅಂತ ಕೇಳುವುದಿಲ್ಲ. ಇನ್ನೊಮ್ಮೆ ರಕ್ತ ಕಳಿಸು, ಮುಗಿಯಿತು. ಸೀಸೆ ತಪ್ಪಾಗಿಲ್ಲದಿದ್ದರೆ ಹೇಳು, ನಾವು ಯಾರ ಮಕ್ಕಳು?

ಪುಟ್ಟಿ

ಏಪ್ರಿಲ್ 2

ಪುಟ್ಟಿಗೆ,

ನನ್ನ ರಕ್ತದಲ್ಲಿ ದೋಷ ಇಲ್ಲ ಎಂದು ನೀನೇ ಬರೆದಿದ್ದೀಯ. ಆ ಸಾಲನ್ನು ನಿನ್ನ ಅತ್ತಿಗೆಗೆ ಓದಿ ಹೇಳಿದೆ. ಕೆಳಗಿನದನ್ನು ಮಡಿಸಿ ಹಿಡಿದಿದ್ದೆ.

ಉಳಿದದ್ದಕ್ಕೆ ನಾನೇನು ಉತ್ತರ ಕೊಡಬೇಕು? ನಿಮ್ಮಿಬ್ಬರಿಗೆ ಅನ್ನ ಹಾಕಿದವಳು ನಾನು. ಜ್ವರ ಬಂದಾಗ ಎದೆಯ ಮೇಲೆ ಹಾಕಿಕೊಂಡು ಕೂತವಳು ನಾನು. ಮಿಷನ್ ತುಳಿದು ಓದಿಸಿದವಳು ನಾನು. ಇಷ್ಟೆಲ್ಲ ಆದಮೇಲೂ ತಾಯಿ ಯಾರು ಅಂತ ಸೀಸೆ ಹೇಳಬೇಕಾದರೆ, ಸೀಸೆಯನ್ನೇ ನಂಬು. ನಾನು ಹೌದೂ ಅನ್ನುವುದಿಲ್ಲ, ಅಲ್ಲವೂ ಅನ್ನುವುದಿಲ್ಲ. ಇನ್ನೊಮ್ಮೆ ರಕ್ತ ಕೊಡುವುದಿಲ್ಲ.

ಅಣ್ಣನಿಗೆ ಇದನ್ನು ಹೇಳಿ ಅವನ ತಲೆ ಕೆಡಿಸಬೇಡ.

ಅಮ್ಮ

ಏಪ್ರಿಲ್ 15

ನಿಮ್ಮ ಪತ್ರ ತಲುಪಿತು.

ಸಾಕಿದ್ದೀರಿ, ಓದಿಸಿದ್ದೀರಿ. ಅದನ್ನು ಮರೆಯುವುದಿಲ್ಲ. ಇಷ್ಟು ವರ್ಷ ನೀವು ಯಾಕೆ ಅಷ್ಟು ಬಿಗಿಯಾಗಿದ್ದಿರಿ, ನಮ್ಮನ್ನು ಮುದ್ದು ಮಾಡಿದ ನೆನಪು ಯಾಕಿಲ್ಲ ಅನ್ನುವುದು ಈಗ ತಿಳಿಯಿತು. ತಪ್ಪು ನಿಮ್ಮದಲ್ಲ. ಬೇರೆಯವರ ಮಕ್ಕಳ ಮೇಲೆ ಪ್ರೀತಿ ತಂದುಕೊಳ್ಳುವುದು ಸುಲಭವಲ್ಲ.

ಹೆತ್ತವಳು ಯಾರೋ ಗೊತ್ತಿಲ್ಲದ ಮೇಲೆ ಅವಳ ಮನೆಯ ಕಾಯಿಲೆಗಳೂ ಗೊತ್ತಾಗುವುದಿಲ್ಲ. ಡಾಕ್ಟರಿಗೆ ಹಾಗೆಂದೇ ಬರೆಯುತ್ತೇನೆ.

(ಹೆಸರು ಬರೆಯುವುದು ಬೇಡ. ಅದನ್ನು ಇಟ್ಟವರು ನೀವೋ ಅವರೋ ಗೊತ್ತಿಲ್ಲ.)

ಜೂನ್ 8

ಪುಟ್ಟೀ,

ಎರಡು ತಿಂಗಳು ಬರೆಯಲಿಲ್ಲ. ಮುದ್ದು ಮಾಡಿದ ನೆನಪಿಲ್ಲ ಅಂತ ಬರೆದಿದ್ದೆಯಲ್ಲ, ಅದಕ್ಕೆ ಸಿಟ್ಟು ಬಂದಿತ್ತು. ಈಗ ಸಿಟ್ಟಿಲ್ಲ. ಇದನ್ನು ಪೂರ್ತಿ ಓದು.

ಮೇ 21ರಂದು ನಿನ್ನ ಅಣ್ಣ ಕತ್ತರಿಸುವ ಮೇಜಿನ ಮೇಲೇ ಬಿದ್ದ. ನಾಲ್ಕು ದಿನ ಎಚ್ಚರ ಇರಲಿಲ್ಲ. ಆಸ್ಪತ್ರೆಯ ಕಾಗದಗಳಿಗೆ ಸಹಿ ಹಾಕಿದವಳು ನಿನ್ನ ಅತ್ತಿಗೆ. ನನ್ನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿದ್ದರು. ಜೀವ ಉಳಿದಿದೆ. ಈಗ ದಿನಕ್ಕೆ ನಾಲ್ಕು ಸಲ ಇನ್ಸುಲಿನ್. ಎಡಗಣ್ಣಿನ ಒಳಗೆ ರಕ್ತ ಸೋರಿದೆ, ಬಲಗಣ್ಣೂ ಅಷ್ಟಕ್ಕಷ್ಟೆ. ಕಾಯಿಲೆ ಎಷ್ಟೋ ವರ್ಷದಿಂದ ಒಳಗೇ ಇತ್ತಂತೆ, ಈ ಐದು ತಿಂಗಳು ಅದನ್ನು ತುದಿಗೆ ತಳ್ಳಿತಂತೆ. ಇನ್ನು ಸೀಮೆಸುಣ್ಣದ ಗೆರೆ ಅವನಿಗೆ ಕಾಣುವುದಿಲ್ಲ. ಆಸ್ಪತ್ರೆಯಿಂದ ನಿನ್ನ ಅತ್ತಿಗೆ ಅವನನ್ನು ನಮ್ಮ ಮನೆಗೆ ಕರೆದುಕೊಂಡು ಬರಲಿಲ್ಲ. ಬೇರೆ ರೂಮು ಮಾಡಿದ್ದಾಳೆ.

ಡಾಕ್ಟರು ಎಲ್ಲರ ಎದುರಿಗೆ ಮತ್ತೆ ಅದನ್ನೇ ಕೇಳಿದರು, ಚಿಕ್ಕ ವಯಸ್ಸಿನಲ್ಲಿ ಯಾರಾದರೂ ಹೀಗೆ ಹೋಗಿದ್ದಾರಾ ಅಂತ. ಬಾಯಿ ತೆರೆದರೆ “ಯಾರೂ ಇಲ್ಲ” ಅನ್ನುವ ಮಾತು ತಾನಾಗಿ ಬಂತು. ನಲವತ್ತೆರಡು ವರ್ಷದಿಂದ ಹೇಳಿ ಹೇಳಿ ನಾಲಿಗೆಗೆ ರೂಢಿಯಾಗಿದೆ.

ನನಗೊಬ್ಬ ತಮ್ಮ ಇದ್ದ. ಇದ್ದ ಅಂತಲೇ ನಿಮಗೆ ಹೇಳಿಲ್ಲ. ಹದಿನಾಲ್ಕು ವರ್ಷಕ್ಕೆ ಹೋದ. ಕೊನೆಯ ಬೇಸಿಗೆಯಲ್ಲಿ ಹಿತ್ತಲಿನ ತೊಟ್ಟಿಗೆ ಬಾಯಿ ಹಚ್ಚಿ ದನದ ಹಾಗೆ ನೀರು ಕುಡಿಯುತ್ತಿದ್ದ. ಕೈಕಾಲು ಕಡ್ಡಿಯಾಗಿತ್ತು. ನನಗೆ ಆಗ ಗಂಡು ನೋಡುತ್ತಿದ್ದರು. ಮನೆಯಲ್ಲಿ ಇಂಥದ್ದಿದೆ ಅಂತ ತಿಳಿದರೆ ಯಾರು ಒಪ್ಪುತ್ತಾರೆ? ನಮ್ಮಮ್ಮ ಅವನನ್ನು ಹಿಂದಿನ ಕೋಣೆಯಲ್ಲಿ ಮಲಗಿಸಿ ಜ್ವರ ಅಂದಳು. ನನ್ನ ಕೈಲೂ ಹಾಗೆ ಅನ್ನಿಸಿದಳು. ನಿಮ್ಮಪ್ಪನಿಗೂ ಗೊತ್ತಾಗಲಿಲ್ಲ. ಆರು ವರ್ಷದ ಹಿಂದೆ ಒಂದು ದಿನ ನಿನ್ನ ಅಣ್ಣ ಕೊಡ ಎತ್ತಿ ಗಟಗಟ ಕುಡಿದಾಗ ನನಗೆ ಆ ತೊಟ್ಟಿ ನೆನಪಾಯಿತು. ಸೆಖೆ ಅಂದುಕೊಂಡೆ. ಅಂದುಕೊಳ್ಳಬೇಕು ಅಂತ ಅಂದುಕೊಂಡೆ.

ನಿನಗೆ ಕಳಿಸಿದ್ದು ಇಸ್ತ್ರಿಯವಳ ರಕ್ತ. ಕೆಲಸದವರಿಗೆಲ್ಲ ಪರೀಕ್ಷೆ ಅಂತ ಹೇಳಿ ಅವಳ ಕೈ ಹಿಡಿಸಿದೆ, ಮೇಲೆ ನನ್ನ ಹೆಸರು ಅಂಟಿಸಿದೆ. ನನ್ನ ರಕ್ತ ನೋಡಿದರೆ ಎಲ್ಲ ಬಯಲಾಗುತ್ತೆ ಅನ್ನುವುದೊಂದೇ ನನ್ನ ತಲೆಯಲ್ಲಿತ್ತು. ಅದು ನಿನ್ನನ್ನೇ ನನ್ನ ಮಗಳಲ್ಲ ಅನ್ನುತ್ತೆ ಅಂತ ಹೊಳೆಯಲಿಲ್ಲ. ನಿನ್ನ ಪತ್ರ ಬಂದಾಗ ಒಂದು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ಬರೆಯಲಿಲ್ಲ.

ಮೊನ್ನೆ ಇಸ್ತ್ರಿಯವಳಿಗೂ ಹೇಳಿದೆ. “ನನ್ನ ರಕ್ತ ನಿಮ್ಮದಕ್ಕಿಂತ ಚೆನ್ನಾಗಿತ್ತಲ್ಲ ಅಮ್ಮಾವ್ರೇ, ಅಷ್ಟು ಸಾಕು ಬಿಡಿ” ಅಂದಳು. ಮಾರನೇ ದಿನದಿಂದ ಕೆಲಸಕ್ಕೆ ಬಂದಿಲ್ಲ.

ನೀನು ನನ್ನ ಮಗಳು. ಹತ್ತೊಂಬತ್ತು ಗಂಟೆ ನೋವು ತಿಂದು ಹೆತ್ತಿದ್ದೇನೆ. ನಿನ್ನ ಅಣ್ಣನೂ ನನ್ನವನೇ. ಒಂದು ಸಮಾಧಾನ ಹೇಳಲೇ? ಏಪ್ರಿಲಿನಿಂದ ಈಚೆಗೆ ಅವನು ಎಂದೂ ಇಲ್ಲದಷ್ಟು ನನ್ನ ಮಾತು ಕೇಳಿದ. ಡಾಕ್ಟರು ಸೂಜಿ ಬರೆದುಕೊಟ್ಟು ನಿನ್ನ ಅತ್ತಿಗೆ ತಂದಿಟ್ಟರೂ “ಅಮ್ಮ ಬೇಡ ಅಂದಿದ್ದಾಳೆ” ಅಂತ ಮುಟ್ಟಲಿಲ್ಲ. ಅಷ್ಟು ಒಳ್ಳೆಯ ಮಗ ಅವನು.

ಅಮ್ಮ

ಜೂನ್ 20

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಜವಿರಬಹುದು. ಆದರೆ ಸೀಸೆಯ ಮೇಲೂ ನಿಮ್ಮ ಅಕ್ಷರವೇ ಇತ್ತು, ಪತ್ರದಲ್ಲೂ ನಿಮ್ಮ ಅಕ್ಷರವೇ ಇದೆ.

ನೀವು ಸಮಾಧಾನ ಅಂದದ್ದಕ್ಕೆ ಉತ್ತರ ಹೇಳುತ್ತೇನೆ. ಏಪ್ರಿಲ್ 16ರಂದು ನಾನು ಅಣ್ಣನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ನಾವಿಬ್ಬರೂ ನಿಮ್ಮ ಮಕ್ಕಳಲ್ಲ ಅಂದೆ. ಸಿಟ್ಟಾಗುತ್ತಾನೆ, ನಿಮ್ಮ ಪಥ್ಯ ಬಿಟ್ಟು ಆಸ್ಪತ್ರೆಗೆ ಹೋಗುತ್ತಾನೆ ಅಂದುಕೊಂಡಿದ್ದೆ. ಅವನು ಅಂದದ್ದು ಇಷ್ಟು: “ಹೆತ್ತವಳಾಗಿದ್ದರೆ ಜಗಳ ಆಡಬಹುದಿತ್ತು ಪುಟ್ಟಿ. ಹೆರದೇ ಇಷ್ಟು ಮಾಡಿದವಳ ಮಾತು ಮೀರೋದು ಹೇಗೆ? ಅವಳು ಸೂಜಿ ಬೇಡ ಅಂದರೆ ಬೇಡ.”

ಡಾಕ್ಟರಿಗೆ ಬರೆದೆ. ಅವರೇ ಸೂಜಿ ಬರೆದುಕೊಟ್ಟರು. ರೋಗಿಯೇ ಒಲ್ಲೆ ಅಂದರೆ ನಾವೇನು ಮಾಡೋಣ ಅಂದರು. ಅತ್ತಿಗೆ ಕಾಲು ಹಿಡಿದರಂತೆ. ಕೇಳಲಿಲ್ಲ. ನೀವು ಹೆಮ್ಮೆಪಟ್ಟ ಆ ಐದು ವಾರದ ಕಥೆ ಇದು.

ರಕ್ತ ಕಳಿಸಿ. ಅತ್ತಿಗೆಯ ಎದುರಿಗೆ ತೆಗೆಸಿ, ಅತ್ತಿಗೆಯ ಸಹಿಯೊಂದಿಗೆ ಕಳಿಸಿ. ಬೇರೆ ಯಾರ ಸಹಿಯನ್ನೂ ನಾನು ಒಪ್ಪುವುದಿಲ್ಲ. ನೀವು ಈಗ ಬರೆದದ್ದನ್ನು ಅಣ್ಣನಿಗೆ ನಾನು ಹೇಳಿಲ್ಲ. ಹೇಳಬೇಕಾದವರು ನೀವು.

ಜುಲೈ 3

ಪುಟ್ಟಿಗೆ,

ಸೀಸೆ ಕಳಿಸಿದ್ದೇನೆ. ಸಹಿ ಇದೆ.

ನಿನ್ನ ಪತ್ರ ಬಂದಮೇಲೆ ಐದು ದಿನ ಶೆಡ್ಡಿಗೆ ಬೀಗ ಹಾಕಿದ್ದೆ. ಆರನೇ ದಿನ ರಕ್ತ ತೆಗೆಯುವವನನ್ನು ಕರೆದುಕೊಂಡು ಅವರ ರೂಮಿಗೆ ಹೋದೆ. ಸೈಕಲ್ ರಿಪೇರಿ ಅಂಗಡಿಯ ಮೇಲೆ, ಕಡಿದಾದ ಮೆಟ್ಟಿಲು. ಬಾಗಿಲು ತೆಗೆದವಳು ನಿನ್ನ ಅತ್ತಿಗೆ.

“ಒಂದು ಸಹಿ ಬೇಕಿತ್ತು” ಅಂದೆ.

“ನನ್ನ ಸಹಿಗೆ ಯಾವಾಗಿಂದ ಬೆಲೆ ಬಂತು ಅತ್ತೆ?”

“ನಿನ್ನ ನಾದಿನಿ ಕೇಳಿದ್ದಾಳೆ.”

“ಅವರು ಕೇಳಿದ್ದಕ್ಕೆ ಬಂದ್ರಿ. ನೀವಾಗಿ ಬರಲಿಲ್ಲ.”

“ಇಲ್ಲ” ಅಂದೆ. ಸುಳ್ಳು ಹೇಳಿ ನನಗೂ ಸಾಕಾಗಿತ್ತು.

ಅಲ್ಲೇ ಮಡಿಸುವ ಕುರ್ಚಿಯ ಮೇಲೆ ಕೂತು ತೋಳು ಚಾಚಿದೆ. ಅವಳು ಸೀಸೆಯಿಂದ ಕಣ್ಣು ತೆಗೆಯದೆ ನಿಂತಿದ್ದಳು, ನಾನು ಅಂಗಿ ಪರೀಕ್ಷೆ ಮಾಡುವಾಗ ನಿಲ್ಲುವ ಹಾಗೆ. ಹೆಸರನ್ನು ಅವಳೇ ಬರೆದು ಅಂಟಿಸಿದಳು. ರಕ್ತ ತೆಗೆಯುವವನು ಹೋದಮೇಲೆ ಒಂದು ಚೀಟಿಯಲ್ಲಿ “ಇವರು ನನ್ನ ಗಂಡನ ಮನೆಯವರು. ನನ್ನ ಎದುರಿಗೆ ರಕ್ತ ಕೊಟ್ಟಿದ್ದಾರೆ” ಎಂದು ಬರೆದು ಸಹಿ ಹಾಕಿದಳು. ಗಂಡನ ತಾಯಿ ಅಂತ ಬರೆಯಲಿಲ್ಲ. ನಾನು ಕೇಳಲೂ ಇಲ್ಲ.

ನಿನ್ನ ಅಣ್ಣ ಕಿಟಕಿಯ ಹತ್ತಿರ ಕೂತಿದ್ದ. ಮುಂದೆ ಒಂದು ಡಬ್ಬಿಯ ತುಂಬ ಗುಂಡಿಗಳು. ಬೆರಳಲ್ಲಿ ಮುಟ್ಟಿ ನೋಡಿ, ಎರಡು ತೂತಿನವನ್ನು ಬೇರೆ, ನಾಲ್ಕು ತೂತಿನವನ್ನು ಬೇರೆ ಮಾಡುತ್ತಿದ್ದ. ಯಾವುದೋ ಅಂಗಡಿಯ ಕೆಲಸವಂತೆ. ನನ್ನ ಕಡೆ ಮುಖ ತಿರುಗಿಸಿದ, ಆದರೆ ನೋಟ ನನ್ನ ಭುಜದ ಮೇಲೆ ಹಾದುಹೋಯಿತು. ತಮ್ಮನ ವಿಷಯ ಹೇಳಿದೆ. ಸೀಸೆಯ ವಿಷಯ ಹೇಳಿದೆ. ನಾನು ಮುಗಿಸುವ ತನಕ ಅವನ ಬೆರಳು ನಿಲ್ಲಲಿಲ್ಲ.

“ಹಾಗಾದರೆ ನಾನು ನಿನ್ನ ಮಗನೇ” ಅಂದ.

“ನನ್ನ ಮಗನೇ ಕಣೋ. ನಾನೇ ಹೆತ್ತದ್ದು.”

ಅವನು ನಕ್ಕ. ಆ ನಗು ನನಗೆ ಅರ್ಥವಾಗಲಿಲ್ಲ, ಮುಂದಿನ ಮಾತು ಬರುವ ತನಕ.

“ಎಷ್ಟು ಭಾರವಾಗಿತ್ತು ಗೊತ್ತಾ ಅಮ್ಮ? ಯಾರೋ ಹೆತ್ತವನನ್ನು ಎತ್ತಿ ಸಾಕಿದ್ದಾಳೆ, ಇವಳ ಒಂದು ಮಾತನ್ನೂ ಮೀರಬಾರದು ಅಂತ ಹೊತ್ತುಕೊಂಡಿದ್ದೆ. ಈಗ ಹಗುರಾಯ್ತು. ಹೆತ್ತಿದ್ದೀಯ, ಸಾಕಿದ್ದೀಯ. ಎಲ್ಲ ತಾಯಂದಿರೂ ಮಾಡೋದು ಅಷ್ಟೇ. ಇನ್ಮೇಲೆ ನಿನ್ನ ಮಾತು ನಾನು ಕೇಳಬೇಕಾಗಿಲ್ಲ.”

ಬೈದಿದ್ದರೆ ನಾನೂ ಬೈಯುತ್ತಿದ್ದೆ. ಅವನು ಬೈಯಲಿಲ್ಲ.

ಊಟದ ಹೊತ್ತಾಗಿತ್ತು. ಅವಳು ಕೈ ತೊಳೆದು ಸೂಜಿ ತಂದಳು. ಅವನು ಅಂಗಿ ಮೇಲೆತ್ತಿದ. ನಾನು ಎದುರಿಗೇ ಇದ್ದೆ. ಇಬ್ಬರೂ ನನ್ನ ಕಡೆ ತಿರುಗಲಿಲ್ಲ. ಅವಳು ಚರ್ಮ ಹಿಡಿದು ಚುಚ್ಚಿ, ಹತ್ತರ ತನಕ ಎಣಿಸಿ ತೆಗೆದಳು. ಆಮೇಲೆ ಅವನು “ನೀನು ಹುಷಾರಾಗಿ ಇಳಿಯಮ್ಮ, ಮೆಟ್ಟಿಲು ಕಡಿದು” ಅಂದ.

ಅರ್ಧ ಇಳಿದಿದ್ದೆ. ಮೇಲೆ ತಟ್ಟೆ ಹಾಕುವ ಸದ್ದು ಕೇಳಿಸಿತು. ನಿಂತು ಕೇಳಿದೆ. ಎರಡೇ ತಟ್ಟೆ.

ಅಮ್ಮ